ಹೆಬ್ಬಾತಿನ ಮರಿ ಕುಂಟಿದರೆ ಮೊದಲು ನೆಲ ನೋಡಿ, ಆಮೇಲೆ ಮೇವು

ಹೆಬ್ಬಾತಿನ ಮರಿ ನಾಲ್ಕು ಹೆಜ್ಜೆ ಇಟ್ಟು ಕುಸಿದು ಕೂತರೆ ತಕ್ಷಣ ಔಷಧಿ ಅಂಗಡಿಗೆ ಓಡಬೇಡಿ. ಮರಿಯನ್ನು ಎತ್ತಿಕೊಂಡು ಕಾಲು ಸವರಿ ನೋಡಿ. ಎರಡೂ ಕಾಲು ಆಚೀಚೆ ಜಾರಿ ಅಗಲವಾಗಿದ್ದರೆ ಹೆಚ್ಚಾಗಿ ದೋಷ ನೆಲದ್ದು. ಕಾಲು ಬಿಲ್ಲಿನಂತೆ ಬಾಗಿ, ನಡುವಿನ ಗಂಟು ದಪ್ಪಗಾಗಿ, ಮರಿ ಆ ಗಂಟನ್ನೇ ಊರಿಕೊಂಡು ತೆವಳುತ್ತಿದ್ದರೆ ದೋಷ ಮೇವಿನದು.

ಪೆಟ್ಟಿಗೆಗೆ ದಿನಪತ್ರಿಕೆ ಹಾಸಲೇಬೇಡಿ. ಒದ್ದೆಯಾದರೆ ಅದು ಪಾಚಿಗಟ್ಟಿದ ಕಲ್ಲಿನ ಹಾಗೆ ಜಾರುತ್ತದೆ. ಗೋಣಿತಾಟು ಒಳ್ಳೆಯದು, ಆದರೆ ಅಂಚು ಮಡಚಿ ಹೊಲಿಯಿರಿ, ಬಿಚ್ಚಿದ ದಾರ ಬೆರಳಿಗೆ ಸುತ್ತಿಕೊಳ್ಳುತ್ತದೆ. ಜಾರಿದ ಕಾಲಿಗೆ ಒಂದು ಸೆಂಟಿಮೀಟರ್ ಅಗಲದ ಮೆತ್ತನೆಯ ಬ್ಯಾಂಡೇಜ್ ಪಟ್ಟಿಯನ್ನು ಗಂಟಿನ ಕೆಳಗೆ, ಎರಡೂ ಕಾಲಿಗೆ ಸೇರಿಸಿ ಕಟ್ಟಿ. ಕಾಲುಗಳ ನಡುವೆ ಮರಿ ಸಹಜವಾಗಿ ನಿಲ್ಲುವಷ್ಟು ಅಂತರ ಇರಲಿ. ಪಾದ ಊದಿದೆಯೇ ಎಂದು ದಿನಕ್ಕೆ ಎರಡು ಸಲ ನೋಡಿ. ಹುಟ್ಟಿದ ಎರಡು ಮೂರು ದಿನದೊಳಗೆ ಕಟ್ಟಿದರೆ ಸಾಮಾನ್ಯವಾಗಿ ಮೂರು ನಾಲ್ಕು ದಿನದಲ್ಲಿ ಸರಿಹೋಗುತ್ತದೆ, ತಡಮಾಡಿದಷ್ಟೂ ಕಷ್ಟ.

ಇನ್ನು ಮೇವಿನ ಮಾತು. ನಮ್ಮಲ್ಲಿ ಬಹುತೇಕರು ಕೊಡುವುದು ಕೋಳಿಮರಿಯ ಸ್ಟಾರ್ಟರ್ (ಮೊದಲ ವಾರಗಳ ಸಿದ್ಧ ಮೇವು), ಇಲ್ಲವೇ ನುಚ್ಚಕ್ಕಿ, ಮುಸುಕಿನ ಜೋಳದ ತರಿ. ಬಾತಿನ ಜಾತಿಗೆ ಬಿ3 ವಿಟಮಿನ್, ಅಂದರೆ ನಿಯಾಸಿನ್, ಕೋಳಿಗಿಂತ ಹೆಚ್ಚು ಬೇಕು. ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ನ 1994ರ ಪಟ್ಟಿಯಲ್ಲಿ ಬ್ರಾಯ್ಲರ್ ಮರಿಗೆ ಕಿಲೋ ಮೇವಿಗೆ 35 ಮಿಲಿಗ್ರಾಂ, ಹೆಬ್ಬಾತಿನ ಮರಿಗೆ ಮೊದಲ ನಾಲ್ಕು ವಾರ 65. ಮುಸುಕಿನ ಜೋಳದಲ್ಲಿ ನಿಯಾಸಿನ್ ಇದ್ದರೂ ಬಹುಪಾಲು ಬಿಗಿದುಕೊಂಡಿರುವುದರಿಂದ ಮೈಗೆ ಹತ್ತುವುದಿಲ್ಲ. ಜೋಳದ ತರಿಯನ್ನೇ ನಂಬಿ ಸಾಕಿದ ಮರಿಗಳ ಕಾಲು ಬಾಗುವುದು ಇದಕ್ಕೇ.

ಕಿಲೋ ಮೇವಿಗೆ 50ರಿಂದ 75 ಗ್ರಾಂ ಬ್ರೂವರ್ಸ್ ಯೀಸ್ಟ್ (ಬಿಯರ್ ತಯಾರಿಕೆಯ, ಜೀವವಿಲ್ಲದ ಯೀಸ್ಟ್) ಪುಡಿ ಬೆರೆಸಿ. ಬ್ರೆಡ್ಡಿಗೆ ಹಾಕುವ ಯೀಸ್ಟ್ ಬೇಡ, ಅದು ಹೊಟ್ಟೆಯೊಳಗೆ ಹುಳಿದು ಉಬ್ಬುತ್ತದೆ. ಒಣ ಪುಡಿ ತಟ್ಟೆಯ ತಳ ಸೇರುವುದರಿಂದ ಮೇವನ್ನು ಸ್ವಲ್ಪ ನೀರು ಚಿಮುಕಿಸಿ ಕಲಸಿ, ಆದರೆ ಮೂರು ಗಂಟೆಯಲ್ಲಿ ಮುಗಿಯುವಷ್ಟೇ. ಆಗಲೇ ಕುಂಟುವ ಮರಿಗೆ ಯೀಸ್ಟ್ ಸಾಲದು. ಒಂದೂವರೆ ಲೀಟರ್ ಕುಡಿಯುವ ನೀರಿಗೆ 50 ಮಿಲಿಗ್ರಾಂ ನಿಯಾಸಿನ್ ಮಾತ್ರೆ ಪುಡಿಮಾಡಿ ಕರಗಿಸಿ, ದಿನವೂ ಹೊಸದಾಗಿ. ಚೀಟಿಯಲ್ಲಿ ನಿಕೋಟಿನಮೈಡ್ ಎಂದಿದ್ದರೂ ಸರಿ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ ಬೇಡ. ಬೇಗ ಕಂಡುಹಿಡಿದಿದ್ದರೆ ಎರಡು ಮೂರು ದಿನದಲ್ಲೇ ನಡಿಗೆ ಹಗುರಾಗುತ್ತದೆ. ಅಷ್ಟಕ್ಕೇ ನಿಲ್ಲಿಸಬೇಡಿ, ಮರಿಗೆ ಹತ್ತು ವಾರ ತುಂಬುವವರೆಗೂ ಯೀಸ್ಟ್ ಮುಂದುವರಿಸಿ. ಬಾಗಿದಂತೆಯೇ ಬಲಿತ ಮೂಳೆಯನ್ನು ಯಾವ ವಿಟಮಿನ್ನೂ ನೆಟ್ಟಗೆ ಮಾಡದು.

ಶೇಂಗಾ ಹಿಂಡಿಯಲ್ಲೂ ನಿಯಾಸಿನ್ ಧಾರಾಳ. ಆದರೂ ಮಳೆಗಾಲದಲ್ಲಿ ಅದನ್ನು ಮರಿಗಳ ಹತ್ತಿರ ಸುಳಿಯಗೊಡಬೇಡಿ. ಬೂಷ್ಟು ಹಿಡಿದ ಹಿಂಡಿಯ ಅಫ್ಲಾಟಾಕ್ಸಿನ್ ವಿಷವನ್ನು ಬಾತಿನ ಜಾತಿಯ ಮರಿಗಳು ತಡೆದುಕೊಳ್ಳಲಾರವು. ಮೊಟ್ಟೆಕೋಳಿಯ ಮೇವೂ ಬೇಡ, ಅದರಲ್ಲಿನ ಕ್ಯಾಲ್ಸಿಯಂ ಮರಿಯ ಮೂತ್ರಪಿಂಡ ಕೆಡಿಸುತ್ತದೆ. ಮೂಳೆ ಮೆತ್ತಗಾಗದಿರಲು ದಿನಕ್ಕೆ ಅರ್ಧ ಗಂಟೆ ಬಿಸಿಲು ಬೇಕು, ಪಕ್ಕದಲ್ಲಿ ನೆರಳೂ ಇರಬೇಕು. ಗಾಜಿನ ಕಿಟಕಿಯಿಂದ ಬಂದ ಬಿಸಿಲಿನಲ್ಲಿ ವಿಟಮಿನ್ ಡಿ ಹುಟ್ಟುವುದಿಲ್ಲ.

ಗಂಟಿನ ಹಿಂಬದಿಯನ್ನು ಬೆರಳಿನಿಂದ ಒತ್ತಿ ನೋಡಿ. ಸ್ನಾಯುವನ್ನು ಮೂಳೆಗೆ ಕಟ್ಟುವ, ಬಿಗಿದ ಹಗ್ಗದಂಥ ಸ್ನಾಯುರಜ್ಜು ನಡುಮಧ್ಯೆ ಸಿಗಬೇಕು. ಪಕ್ಕಕ್ಕೆ ಜಾರಿ ಅಲ್ಲಿ ಚಪ್ಪಟೆಯಾಗಿದ್ದರೆ, ಅಥವಾ ಒಂದೇ ಕಾಲು ಬಿಸಿಯಾಗಿ ಊದಿದ್ದರೆ, ಅಂದೇ ಪಶುವೈದ್ಯರಿಗೆ ತೋರಿಸಿ. ಮನೆಮದ್ದಿಗೆ ಬಗ್ಗುವಂಥದ್ದಲ್ಲ ಅದು.

ಕಾಲು ಸೋತ ಮರಿಯನ್ನು ಉಗುರುಬೆಚ್ಚಗಿನ ನೀರಿನ ಬೋಗುಣಿಯಲ್ಲಿ ಐದು ನಿಮಿಷ ಎದೆಗೆ ಕೈ ಆನಿಸಿ ತೇಲಿಸಿ. ಭಾರವಿಲ್ಲದೆ ಕಾಲು ಬಡಿಯುತ್ತದೆ, ಸ್ನಾಯು ಬಲಿಯುತ್ತದೆ. ತಾಯಿಯ ಜೊತೆಗಿಲ್ಲದ ಮರಿಯ ನವಿರು ನೀರು ಹೀರಿ ಬೇಗ ತಣ್ಣಗಾಗುವುದರಿಂದ, ಪೂರ್ತಿ ಒರೆಸಿ ಒಣಗಿಸಿದ ಮೇಲೆಯೇ ಬಲ್ಬಿನ ಕಾವಿಗೆ ಬಿಡಿ.