ಕುಮಟಾ-ಹೊನ್ನಾವರದಲ್ಲಿ ಜಾಗ ಅಳೆದ ಬಗೆ: ಮೇ ಕೊನೆಗೊಮ್ಮೆ, ಜುಲೈ ನಡುವಿಗೊಮ್ಮೆ

ಉತ್ತರ ಕನ್ನಡದ ಕರಾವಳಿಯಲ್ಲಿ ಜಾಗ ಹುಡುಕುವವರು ಹೆಚ್ಚಾಗಿ ಡಿಸೆಂಬರ್‌ನಲ್ಲಿ ಬರುತ್ತಾರೆ. ಆಗ ಬಾವಿಯಲ್ಲಿ ನೀರಿರುತ್ತದೆ, ತೋಟ ಹಸಿರಾಗಿರುತ್ತದೆ, ರಸ್ತೆ ಒಣಗಿರುತ್ತದೆ. ಜಾಗದ ದೋಷ ಒಂದೂ ಕಣ್ಣಿಗೆ ಬೀಳುವುದಿಲ್ಲ. ಕುಮಟಾ, ಹೊನ್ನಾವರ ತಾಲ್ಲೂಕುಗಳಲ್ಲಿ ನಾನು ಪ್ರತಿ ಜಾಗವನ್ನೂ ಎರಡು ಸಲ ನೋಡಿದೆ: ಮೇ ಕೊನೆಯ ವಾರ ಒಮ್ಮೆ, ಜುಲೈ ನಡುವೆ ಒಮ್ಮೆ. ಅನ್ನ, ನೀರು ಅಲ್ಲೇ ಹುಟ್ಟಬೇಕು, ನೆರೆ ಬಂದರೆ ಹತ್ತು ದಿನ ಹೊರಗಿನವರ ಹಂಗಿಲ್ಲದೆ ಇರಬೇಕು ಎನ್ನುವವರು ಈ ಎರಡರಲ್ಲಿ ಒಂದನ್ನೂ ಬಿಡಬಾರದು.

ಮೇ ತಿಂಗಳಿನದು ಬಾವಿಯ ಪರೀಕ್ಷೆ. ನೀರಿನಲ್ಲಿ ಕರಗಿದ ಲವಣ ಎಷ್ಟೆಂದು ತೋರಿಸುವ, ಕೈಯಲ್ಲಿ ಹಿಡಿಯುವ ಟಿಡಿಎಸ್ ಮೀಟರ್ ಸಾಕು, ಆದರೆ ಕೊಡಪಾನದಲ್ಲಿ ಮೇಲಿನ ನೀರು ಸೇದಿ ಅಳೆದರೆ ಮೋಸ ಹೋಗುತ್ತೀರಿ. ಸಿಹಿನೀರು ಹಗುರ, ಉಪ್ಪುನೀರಿನ ಮೇಲೆ ತೇಲುತ್ತದೆ. ಬಾಟಲಿಯ ಕುತ್ತಿಗೆಗೆ ಒಂದು ಹಗ್ಗ, ಬುಡಕ್ಕೆ ಕಲ್ಲು, ಬಿರಡೆಗೆ ಬೇರೊಂದು ದಾರ ಕಟ್ಟಿ. ತಳ ಮುಟ್ಟಿದ ಮೇಲೆ ದಾರ ಎಳೆದು ಬಿರಡೆ ಬಿಡಿಸಿ, ಗುಳ್ಳೆ ನಿಂತ ಮೇಲೆ ಬಾಟಲಿ ಎತ್ತಿ. ಅಮಾವಾಸ್ಯೆ ಅಥವಾ ಹುಣ್ಣಿಮೆಯ ಉಬ್ಬರದ ಹೊತ್ತಿಗೆ ಇನ್ನೊಮ್ಮೆ ತೆಗೆಯಿರಿ. ಲೀಟರಿಗೆ 500 ಮಿ.ಗ್ರಾಂ ಒಳಗಿದ್ದರೆ ಒಳ್ಳೆಯ ನೀರು. ಬೇರೆ ನೀರೇ ಇಲ್ಲದಿದ್ದರೆ 2000ದವರೆಗೆ ಭಾರತೀಯ ಮಾನಕ ಸಂಸ್ಥೆ (ಬಿಐಎಸ್) ಒಪ್ಪುತ್ತದೆ. ತಳದ ಅಂಕಿ ಮೇಲಿನದಕ್ಕಿಂತ ಬಹಳ ಹೆಚ್ಚಿದ್ದರೆ ಅಂಥ ಬಾವಿಗೆ ದೊಡ್ಡ ಪಂಪು ಇಳಿಸಲೇಬಾರದು. ಸಮುದ್ರಮಟ್ಟಕ್ಕಿಂತ 1 ಮೀಟರ್ ಮೇಲೆ ನಿಂತ ಸಿಹಿನೀರು ಕೆಳಗೆ ಸುಮಾರು 40 ಮೀಟರ್ ಸಿಹಿನೀರನ್ನು ಹಿಡಿದಿರುತ್ತದೆ. ಮೇಲೆ ಒಂದು ಅಡಿ ಇಳಿಸಿದರೆ ಕೆಳಗಿನ ಉಪ್ಪು ಕಾಲಕ್ರಮೇಣ 40 ಅಡಿ ಏರಬಲ್ಲದು.

ಆಮೇಲೆ ಒರತೆ. ಬಾವಿಯ ನೀರನ್ನು ಅರ್ಧಕ್ಕೆ ಇಳಿಸಿ, ಗಂಟು ಹಾಕಿದ ಹಗ್ಗ ಬಿಟ್ಟು, ಒಂದು ಗಂಟೆಯಲ್ಲಿ ಎಷ್ಟು ಏರಿತೆಂದು ನೋಡಿ. 3 ಮೀಟರ್ ಅಗಲದ ಬಾವಿಯಲ್ಲಿ 10 ಸೆಂ.ಮೀ. ಏರಿದರೆ ಸುಮಾರು 700 ಲೀಟರ್. ಮೇ ಕೊನೆಯಲ್ಲಿ ಗಂಟೆಗೆ 250 ಲೀಟರ್ ಬಂದರೆ ನಾಲ್ಕು ಜನ, ಎರಡು ದನ, ಹಿತ್ತಲಿನ ತರಕಾರಿ, ಹನಿ ನೀರಾವರಿಯಲ್ಲಿ ದಿನಕ್ಕೆ 40 ಲೀಟರಿನಂತೆ ಇಪ್ಪತ್ತೈದು ತೆಂಗು, ಎಲ್ಲಕ್ಕೂ ಸಾಕು. 100 ಲೀಟರಿಗಿಂತ ಕಡಿಮೆ ಬಂದ ಜಾಗಗಳನ್ನು ನಾನು ಅಲ್ಲಿಗೇ ಕೈಬಿಟ್ಟೆ.

ಬಾವಿಯೊಳಗೆ ಬಗ್ಗಿದಾಗ ಗೋಡೆಯನ್ನೂ ನೋಡಿ. ಮೇಲೆ ಚಿರೆಕಲ್ಲು (ಜಂಬಿಟ್ಟಿಗೆ), ಅದರ ಕೆಳಗೆ ಬಿಳಿ ಅಥವಾ ನಸುಗೆಂಪಿನ ನುಣುಪು ಪದರ ಕಂಡರೆ ಅದು ಶೇಡಿ ಮಣ್ಣು. ಒಣಗಿದಾಗ ಗಟ್ಟಿ, ನೆನೆದರೆ ಹಿಟ್ಟಿನಂತೆ ಜಾರುತ್ತದೆ. ಬಾವಿ ಕುಸಿಯುವುದು ಇದರಿಂದಲೇ, ಗುಡ್ಡ ಜಾರುವುದಕ್ಕೂ ಹಲವು ಕಡೆ ಇದೇ ಕಾರಣ. ಚಿರೆಕಲ್ಲಿನ ತೂತುಗಳಲ್ಲಿ ಇಳಿದ ಮಳೆನೀರು ಶೇಡಿಯ ಮೇಲೆ ನಿಂತುಬಿಡುತ್ತದೆ, ಮೇಲಿನ ಹೊರೆ ಅದರ ಮೇಲೆ ಜಾರುತ್ತದೆ.

ಹಾಗಾಗಿ ಜುಲೈ ಭೇಟಿ ಗುಡ್ಡದ ಬದಿಯಿಂದ ಶುರುವಾಗಬೇಕು. ಧರೆಯ, ಎಂದರೆ ಗುಡ್ಡ ಕಡಿದಲ್ಲಿ ನಿಂತ ಮಣ್ಣಿನ ಗೋಡೆಯ, ಬುಡದಲ್ಲಿ ಒಸರು ಎಲ್ಲಿದೆ, ತಿಳಿನೀರು ಬರುತ್ತಿದ್ದ ಒಸರು ಕೆಂಪಾಗಿದೆಯೇ, ಗುಡ್ಡದ ನೆತ್ತಿಯಲ್ಲಿ ಅರ್ಧಚಂದ್ರದಂಥ ಬಿರುಕಿದೆಯೇ, ಮರಗಳು ಇಳಿಜಾರಿನ ಕಡೆ ವಾಲಿವೆಯೇ? ಧರೆ ಎಷ್ಟು ಎತ್ತರವೋ ಕನಿಷ್ಠ ಅದರ ಎರಡರಷ್ಟು ದೂರದಲ್ಲಿ ಮನೆ ಇರಬೇಕೆಂಬುದು ನನ್ನ ಲೆಕ್ಕ. ಅದೂ ಸಣ್ಣ ಧರೆಗಷ್ಟೇ. ಇಡೀ ಗುಡ್ಡವನ್ನೇ ಹೆದ್ದಾರಿಗಾಗಿ ಕಡಿದ ಕಡೆ ಯಾವ ಲೆಕ್ಕವೂ ನಿಲ್ಲದು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಗಂಗಾವಳಿ ಹೊಳೆಗೆ ಬಿದ್ದಾಗ ಉಕ್ಕಿದ ನೀರು ಆಚೆ ದಡದ ಉಳುವರೆಯ ಮನೆಗಳನ್ನೂ ಕೆಡವಿತು. ನಿಮ್ಮ ಹಿಂದಿನ ಗುಡ್ಡವನ್ನಷ್ಟೇ ಅಲ್ಲ, ಹೊಳೆಯಾಚೆಯ ಗುಡ್ಡವನ್ನೂ ನೋಡಬೇಕು.

ನೆರೆಯ ವಿಷಯದಲ್ಲಿ ಎಲ್ಲ ಹೊಳೆಗಳೂ ಒಂದೇ ಅಲ್ಲ. ಶರಾವತಿಗೆ ಲಿಂಗನಮಕ್ಕಿ, ಗೇರುಸೊಪ್ಪ ಅಣೆಕಟ್ಟುಗಳಿವೆ, ನೀರು ಬಿಡುವ ಮುನ್ನ ಸೂಚನೆ ಬರುತ್ತದೆ. ಅಘನಾಶಿನಿಗೆ ಅಣೆಕಟ್ಟಿಲ್ಲ. ಅದು ನದಿಯ ಭಾಗ್ಯ, ಆದರೆ ಶಿರಸಿ, ಸಿದ್ದಾಪುರದಲ್ಲಿ ಸುರಿದದ್ದು ಕೆಲವೇ ಗಂಟೆಗಳಲ್ಲಿ ಕೆಳಗಿಳಿಯುತ್ತದೆ, ತಡೆಯಲು ಗೇಟೂ ಇಲ್ಲ, ಸೈರನ್ನೂ ಇಲ್ಲ. ಕುಮಟಾದಲ್ಲಿ ಇರುವವರು ನೋಡಬೇಕಾದ್ದು ಶಿರಸಿಯ ಮಳೆಯ ಅಂಕಿ. ಉಬ್ಬರದ ಹೊತ್ತಿಗೇ ನೆರೆ ಬಂದರೆ ನೀರಿಗೆ ಸಮುದ್ರ ದಾರಿ ಕೊಡುವುದಿಲ್ಲ, ಇಳಿತದವರೆಗೂ ಅಂಗಳದಲ್ಲೇ ನಿಲ್ಲುತ್ತದೆ. ಹಳೆ ಮನೆಗಳ ಗೋಡೆಯ ಮೇಲಿನ ಕೆಸರಿನ ಗೆರೆಗೆ ಟೇಪು ಹಿಡಿದು ಅಳೆಯಿರಿ, ನಿಮ್ಮ ನೆಲಗಟ್ಟು ಅದಕ್ಕಿಂತ 3 ಅಡಿ ಮೇಲಿರಲಿ. ಗಜನಿಯ, ಎಂದರೆ ಉಬ್ಬರದ ಉಪ್ಪುನೀರು ನುಗ್ಗುವ ತಗ್ಗು ಗದ್ದೆಬಯಲಿನ, ಅಂಚಿನಲ್ಲಿ ಮನೆ ಬೇಡ. ಗದ್ದೆ ಮಾತ್ರ ಸಿಕ್ಕರೆ ಬಿಡಬೇಡಿ: ಮಾಣಿಕಟ್ಟಾದಲ್ಲಿ ಬೆಳೆಯುವ ಕಗ್ಗ ಭತ್ತ ಉಪ್ಪನ್ನೂ ನೆರೆಯನ್ನೂ ತಡೆಯುತ್ತದೆ, ಗೊಬ್ಬರ ಕೇಳುವುದಿಲ್ಲ. ಆದರೆ ಗಜನಿಯ ಒಡ್ಡು ಊರೆಲ್ಲ ಸೇರಿ ಕಟ್ಟುವಂಥದ್ದು. ಅಕ್ಕಪಕ್ಕದವರು ಬೇಸಾಯ ಬಿಟ್ಟು ಸಿಗಡಿಗೆ ತಿರುಗಿದ್ದರೆ ನೀವೊಬ್ಬರೇ ಉಪ್ಪುನೀರು ತಡೆಯಲಾರಿರಿ.

ಕಾಗದಪತ್ರದಲ್ಲಿ ಪಹಣಿಯ 11ನೇ ಕಾಲಂ (ಸಾಲ, ಇತರ ಹಕ್ಕುಗಳು), 11ಇ ನಕ್ಷೆ (ಜಮೀನು ತುಂಡು ಮಾಡಿ ಮಾರುವಾಗಿನ ಅಳತೆ ನಕ್ಷೆ), ಋಣಭಾರ ಪತ್ರ ನೋಡಿ. ಅರಣ್ಯ ಅತಿಕ್ರಮಣದ ತುಂಡು ಸೇರಿದ್ದರೆ ಹಿಂದೆ ಸರಿಯಿರಿ, ಈ ಜಿಲ್ಲೆಯಲ್ಲಿ ಅದು ತೀರಾ ಸಾಮಾನ್ಯ. ಕಟ್ಟಡಗಳಿಗೆ ನಿರ್ಬಂಧ ಹಾಕುವ ಕರಾವಳಿ ನಿಯಂತ್ರಣ ವಲಯ (ಸಿಆರ್‌ಝಡ್) ಸಮುದ್ರದ ಅಂಚಿಗಷ್ಟೇ ಅನ್ವಯಿಸುತ್ತದೆಂಬುದು ತಪ್ಪು. ಒಣ ಕಾಲದಲ್ಲಿ ಲವಣಾಂಶ ಸಾವಿರಕ್ಕೆ 5 ಭಾಗ ಇರುವಲ್ಲಿಯವರೆಗೂ ಹೊಳೆಯ ದಡ ಅದರೊಳಗೆ ಬರುತ್ತದೆ.

ದಾರಿಗಳನ್ನು ಒಂದೊಂದಾಗಿ ಮುಚ್ಚಿ ನೋಡಿ. ಹೆದ್ದಾರಿ 66 ಮುಚ್ಚಿತು, ಶಿರಸಿಗೆ ಹತ್ತುವ ದೇವಿಮನೆ ಘಟ್ಟದಲ್ಲಿ ಧರೆ ಬಿತ್ತು, ಕೊಂಕಣ ರೈಲು ನಿಂತಿತು ಎಂದುಕೊಳ್ಳಿ. ಒಂದೇ ವಾರದಲ್ಲಿ ಮೂರೂ ಆಗಬಹುದು. ಸೇತುವೆಯನ್ನೂ ನಂಬುವಂತಿಲ್ಲ: 2024ರ ಆಗಸ್ಟ್‌ನಲ್ಲಿ ಕಾರವಾರದಲ್ಲಿ ಕಾಳಿ ಹೊಳೆಯ ಹಳೆ ಸೇತುವೆ ನಡುರಾತ್ರಿ ಕುಸಿಯಿತು. ದೊಡ್ಡ ಆಸ್ಪತ್ರೆ ಎಂದರೆ ಮಣಿಪಾಲ, ನೂರು ಕಿಲೋಮೀಟರ್ ಮೀರಿದ ದಾರಿ. ಮನೆಯಲ್ಲಿ ಡಯಾಲಿಸಿಸ್ ಬೇಕಾದವರಿದ್ದರೆ ಮಳೆಗಾಲದ ನಾಲ್ಕು ತಿಂಗಳು ಹೊಳೆ ದಾಟಬೇಕಾದ ಜಾಗ ಬೇಡವೇ ಬೇಡ.

ದಾಸ್ತಾನಿಗೆ ನಾಲ್ಕು ಜನರ ಲೆಕ್ಕ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 2 ಕ್ವಿಂಟಲ್ ಕುಚ್ಚಲಕ್ಕಿ, ಸಾಣಿಕಟ್ಟಾದ ಉಪ್ಪು, ತೆಂಗಿನೆಣ್ಣೆ, ಬೇಳೆ, ಒಣಮೀನು ತಿನ್ನುವವರಿಗೆ ಒಣಮೀನು. ಮೊಗೆಕಾಯಿಯನ್ನು (ಮಂಗಳೂರು ಸೌತೆ) ಗಾಯವಾಗದಂತೆ ಕೊಯ್ದು, ಒಂದಕ್ಕೊಂದು ತಾಗದಂತೆ ಬಾಳೆನಾರಿನಲ್ಲಿ ಜಂತಿಗೆ ತೂಗುಹಾಕಿದರೆ ಮಳೆಗಾಲ ಕಳೆಯುತ್ತದೆ. ತಾಗಿದ ಕಡೆಯಿಂದಲೇ ಕೊಳೆಯುವುದು. 12 ವೋಲ್ಟ್, 150 ಎಎಚ್ ಬ್ಯಾಟರಿಯಲ್ಲಿ ಅರ್ಧ ಬಳಸಿದರೆ 900 ವಾಟ್-ಗಂಟೆ, ನಾಲ್ಕು ದೀಪ, ಫೋನು, ಕಡಿಮೆ ವಿದ್ಯುತ್ ಬಳಸುವ ಒಂದು ಬಿಎಲ್‌ಡಿಸಿ ಫ್ಯಾನಿಗೆ ಒಂದು ದಿನ. ಜುಲೈಯಲ್ಲಿ ಸೌರ ಫಲಕವನ್ನು ನಂಬಿ ಕೂರಬೇಡಿ.

ನೆರೆ ಇಳಿದ ಮೇಲೆ ಮೊದಲ ಕೆಲಸ ಬಾವಿಯದು. 1000 ಲೀಟರಿಗೆ ಮಾಮೂಲಿನ 2.5 ಗ್ರಾಂ ಅಲ್ಲ, ಅದರ ಎರಡರಷ್ಟು, 5 ಗ್ರಾಂ ಬ್ಲೀಚಿಂಗ್ ಪುಡಿ. 3 ಮೀಟರ್ ಅಗಲದ ಬಾವಿಯಲ್ಲಿ 4 ಮೀಟರ್ ನೀರಿದ್ದರೆ ಸುಮಾರು 140 ಗ್ರಾಂ. ಬಕೆಟ್ಟಿನಲ್ಲಿ ಕಲಸಿ ಹತ್ತು ನಿಮಿಷ ಬಿಟ್ಟು, ತಿಳಿಯನ್ನಷ್ಟೇ ಬಾವಿಗೆ ಇಳಿಸಿ ಕಲಕಿ, ಒಂದು ಗಂಟೆ ಕಾಯಿರಿ. ತಳದ ಸುಣ್ಣ ಬಾವಿಗೆ ಬೇಡ, ನೀರು ಗಡುಸಾಗುತ್ತದೆ. ಬಾಯಿ ತೆರೆದ ಹಳೆ ಪೊಟ್ಟಣ ನಮ್ಮ ತೇವಕ್ಕೆ ಸತ್ವ ಕಳೆದುಕೊಂಡಿರುತ್ತದೆ, ಪ್ರತಿ ಮೇ ತಿಂಗಳಲ್ಲಿ ಹೊಸದು ತನ್ನಿ.

ಅಂಗಳದಲ್ಲಿ ಒಂದು ಮಳೆಮಾಪಕ ಇರಲಿ. 24 ಗಂಟೆಯಲ್ಲಿ 115 ಮಿ.ಮೀ. ದಾಟಿದ ದಿನ ಗುಡ್ಡದ ಬದಿಯ ಕೋಣೆಯಲ್ಲಿ ಯಾರೂ ಮಲಗಬಾರದು. 200 ದಾಟಿದರೆ ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ ತಿಳಿಸಿ, ಕೊಟ್ಟಿಗೆಯ ದನಗಳ ಕಣ್ಣಿ ಬಿಚ್ಚಿ, ಬೆಳಕಿರುವಾಗಲೇ ಮನೆ ಬಿಡಿ.