ನಿಂತ ಕಾರು ಹೊಗೆ ಬಿಟ್ಟರೆ: ಬಣ್ಣದ ಜೊತೆ ಹೊತ್ತನ್ನೂ ನೋಡಿ

ಶೆಡ್ಡಿನಲ್ಲಿ ಮೂರ್ನಾಲ್ಕು ವರ್ಷ ನಿಂತಿದ್ದ ಮಾರುತಿ 800 ಅನ್ನು ಹೊರಗೆಳೆದು, ಹೊಸ ಬ್ಯಾಟರಿ ಹಾಕಿ ಸೆಲ್ಫ್ ಹೊಡೆದರೆ ಅಂಗಳ ತುಂಬ ಹೊಗೆ. ‘ಇಂಜಿನ್ ಹೋಯ್ತು, ಬೋರ್ ಮಾಡಿಸ್ಬೇಕು’ (ಸವೆದ ಸಿಲಿಂಡರ್ ಕೊರೆಸಿ ಸರಿಮಾಡಿಸಬೇಕು) ಎನ್ನುವವರು ಪಕ್ಕದಲ್ಲೇ ಇರುತ್ತಾರೆ. ಆ ಮಾತು ಕೇಳಿ ಅವತ್ತೇ ಇಂಜಿನ್ ಬಿಚ್ಚಿಸಬೇಡಿ. ನಿಂತಿದ್ದರಿಂದ ಬರುವ ಹೊಗೆ ಬೇರೆ, ಸವೆದಿದ್ದರಿಂದ ಬರುವ ಹೊಗೆ ಬೇರೆ. ಹೊಗೆ ಯಾವ ಬಣ್ಣ ಎನ್ನುವುದರ ಜೊತೆಗೆ ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂದು ನೋಡಿದರೆ ಎರಡನ್ನೂ ಬೇರೆ ಮಾಡಬಹುದು.

ಗಾಳಿ, ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಇರುವ, 796 ಸಿಸಿಯ ಮೂರು ಸಿಲಿಂಡರ್ ಹಳೇ 800 ಅನ್ನೇ ಇಟ್ಟುಕೊಂಡು ಹೇಳುತ್ತೇನೆ. ಪ್ರೀಮಿಯರ್ ಪದ್ಮಿನಿಗೂ ಪೆಟ್ರೋಲ್ ಅಂಬಾಸಡರ್‌ಗೂ ಹೆಚ್ಚೂಕಡಿಮೆ ಇದೇ ಕ್ರಮ.

ಸ್ಟಾರ್ಟ್ ಮಾಡುವ ಮೊದಲು

ಏರ್ ಫಿಲ್ಟರ್ ಡಬ್ಬಿ ತೆಗೆದು ನೋಡಿ. ಇಲಿ ಗೂಡು ಕಟ್ಟಿರುವುದು ತೀರಾ ಸಾಮಾನ್ಯ. ಸೈಲೆನ್ಸರ್ ಪೈಪಿನೊಳಗೆ ಕಣಜದ ಹುಳು ಕಟ್ಟಿದ ಮಣ್ಣು ಇದೆಯಾ ಎಂದು ಟಾರ್ಚ್ ಬಿಟ್ಟು ನೋಡಿ. ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಇಂಜಿನ್ನಿನಿಂದ ಹೊಗೆ ಹೊರಬರುವ ಕೊಳವೆ) ಮೇಲೆ ಹುಲ್ಲು, ಬಟ್ಟೆ ಚೂರು ಬಿದ್ದಿದ್ದರೆ ಗಾಡಿ ಬಿಸಿಯಾದಾಗ ಬೆಂಕಿಯೇ ಹತ್ತಬಹುದು.

ಹಳೇ ಪೆಟ್ರೋಲ್ ಪೂರ್ತಿ ಇಳಿಸಿ. ವಾರ್ನಿಷ್ ವಾಸನೆ ಬರುತ್ತಿದ್ದರೆ ಅದು ಕೆಟ್ಟಿದೆ ಎಂದೇ ಅರ್ಥ. ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವವನ್ನೂ ಹೀರುತ್ತದೆ. ಹೆಚ್ಚು ನೀರು ಸೇರಿದರೆ ಅದು ಟ್ಯಾಂಕಿನ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಗಟ್ಟಿಯಾದ ರಬ್ಬರ್ ಪೈಪುಗಳನ್ನು ಹೊಸದು ಮಾಡಿ. 800ರ ಟೈಮಿಂಗ್ ಬೆಲ್ಟ್ ಹಳೆಯದಾಗಿದ್ದರೆ ಅದನ್ನೂ ಈಗಲೇ ಬದಲಿಸಿ.

ಆಮೇಲೆ ಮೂರೂ ಸ್ಪಾರ್ಕ್ ಪ್ಲಗ್ ಬಿಚ್ಚಿ. ಒಂದೊಂದು ಸಿಲಿಂಡರಿಗೂ ಒಂದು ಟೀ ಚಮಚ ಇಂಜಿನ್ ಆಯಿಲ್ ಬಿಟ್ಟು ರಾತ್ರಿಯಿಡೀ ಹಾಗೇ ಬಿಡಿ. ಬೆಳಿಗ್ಗೆ ಗಾಡಿಯನ್ನು ಟಾಪ್ ಗೇರಿಗೆ ಹಾಕಿ ಮೆಲ್ಲಗೆ ತಳ್ಳಿ. ಇಂಜಿನ್ ಎಲ್ಲೂ ಹಿಡಿಯದೆ ತಿರುಗಬೇಕು. ತಿರುಗದಿದ್ದರೆ ಜೋರು ಮಾಡಬೇಡಿ, ಮೆಕ್ಯಾನಿಕ್ ಕರೆಸಿ. ತಿರುಗಿದರೆ ಗೇರ್ ನ್ಯೂಟ್ರಲ್‌ಗೆ ತಂದು, ಇಗ್ನಿಷನ್ ಕಾಯಿಲ್‌ಗೆ ಕರೆಂಟ್ ಬರುವ ಸಣ್ಣ ವೈರ್ ಕಳಚಿ, ಪ್ಲಗ್ ಇಲ್ಲದೆಯೇ ಸೆಲ್ಫ್ ಹೊಡೆಯಿರಿ. ಡ್ಯಾಶ್‌ಬೋರ್ಡಿನ ಆಯಿಲ್ ಲೈಟ್ ಆರಿದ ಮೇಲೆ ಪ್ಲಗ್ ಹಾಕಿ, ಕಳಚಿದ ವೈರ್ ಮತ್ತೆ ಜೋಡಿಸಿ.

ಸ್ಟಾರ್ಟ್ ಮಾಡುವುದು ಬಯಲಿನಲ್ಲೇ ಆಗಬೇಕು. ಮುಚ್ಚಿದ ಶೆಡ್ಡಿನಲ್ಲಿ ತುಂಬುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ಜೀವ ತೆಗೆಯುತ್ತದೆ.

ಬಿಳಿ ಹೊಗೆ

ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರೇ ಹುಟ್ಟುತ್ತದೆ. ತಣ್ಣಗಿರುವ ಸೈಲೆನ್ಸರಿನಲ್ಲಿ ಅದು ಹನಿಯಾಗಿ, ಬಿಳಿ ಆವಿಯಾಗಿ ಹೊರಬರುತ್ತದೆ. ಹತ್ತು ಹದಿನೈದು ನಿಮಿಷದಲ್ಲಿ ಇಂಜಿನ್ ಬಿಸಿಯಾಗಿ ಅದು ತೆಳುವಾದರೆ ಚಿಂತೆ ಬೇಡ.

ನಿಲ್ಲದೆ ದಟ್ಟವಾಗಿ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ತಣ್ಣಗಿಡುವ ನೀರು ಸಿಲಿಂಡರಿಗೆ ಸೋರದಂತೆ ತಡೆಯುವ ಹಾಳೆ) ಮೇಲೆ ಅನುಮಾನ ಪಡಬೇಕು. ಇಂಜಿನ್ ತಣ್ಣಗಿಡುವ ಕೂಲಂಟ್ ದ್ರವ ಉರಿದರೆ ಸಿಹಿ ವಾಸನೆ ಬರುತ್ತದೆ ಎನ್ನುತ್ತಾರೆ, ನಿಜ. ಆದರೆ ನಮ್ಮಲ್ಲಿ ಎಷ್ಟೋ ಹಳೇ ಗಾಡಿಗಳಿಗೆ ಬರೀ ನಲ್ಲಿ ನೀರು ಹಾಕಿರುತ್ತಾರೆ, ಆಗ ವಾಸನೆ ನಂಬಿ ಕೂರಬೇಡಿ. ಇಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ನೀರಿನಲ್ಲಿ ಗುಳ್ಳೆ ಒಂದೇ ಸಮ ಏಳುತ್ತಿದ್ದರೆ ಗ್ಯಾಸ್ಕೆಟ್ ಹೋಗಿದೆ ಎಂದುಕೊಳ್ಳಬಹುದು. ಆಯಿಲ್ ಮುಚ್ಚಳದ ಒಳಗೆ ಒಂಚೂರು ಬೆಳ್ಳನೆಯ ನೊರೆ ಕಂಡ ಮಾತ್ರಕ್ಕೆ ಗಾಬರಿ ಬೇಡ, ಅದು ತೇವಕ್ಕೂ ಆಗುತ್ತದೆ. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ಮೇಲಿನ ಆಯಿಲ್ ಕೂಡ ಬೆಳ್ಳಗಾಗಿದ್ದರೆ ಗಾಡಿ ಓಡಿಸಬೇಡಿ.

ನೀಲಿ ಹೊಗೆ

ಜನ ಹೆದರುವುದೂ, ಸುಮ್ನೆ ದುಡ್ಡು ಕಳೆದುಕೊಳ್ಳುವುದೂ ಇಲ್ಲೇ. ನೀಲಿ ಎಂದರೆ ಆಯಿಲ್ ಉರಿಯುತ್ತಿದೆ. ಆದರೆ ಹಿಂದಿನ ರಾತ್ರಿ ಸಿಲಿಂಡರಿಗೆ ಆಯಿಲ್ ಬಿಟ್ಟಿದ್ದು ನೀವೇ ಅಲ್ವಾ? ಮೊದಲು ಅದು ಉರಿದು ಮುಗಿಯಲಿ.

ನೀಲಿಯೋ ಬಿಳಿಯೋ ಗೊತ್ತಾಗದಿದ್ದರೆ ಸೈಲೆನ್ಸರ್ ಬಾಯಿಂದ ಒಂದು ಗೇಣು ದೂರದಲ್ಲಿ ಬಿಳಿ ಹಾಳೆ ಹಿಡಿಯಿರಿ. ಅರ್ಧ ನಿಮಿಷ ಸಾಕು. ಹಾಳೆಯನ್ನು ಒಣಗಲು ಬಿಟ್ಟು ಬೆಳಕಿಗೆ ಹಿಡಿಯಿರಿ. ನೀರಾದರೆ ಒಣಗಿ ಹೋಗಿರುತ್ತದೆ. ಆಯಿಲ್ ಆದರೆ ಬಜ್ಜಿ ಕಟ್ಟಿಕೊಟ್ಟ ಪೇಪರಿನ ಹಾಗೆ ಜಿಡ್ಡಿನ ಚುಕ್ಕೆ ಉಳಿದು, ಅದರಿಂದ ಬೆಳಕು ತೂರಿ ಕಾಣುತ್ತದೆ. ಉಜ್ಜಿದರೆ ಕೈಗೆ ಒಣ ಕರಿ ಪುಡಿ ಬಂದರೆ ಅದು ಮಸಿ.

ಆಯಿಲ್ ಎಂದು ಖಚಿತವಾದರೆ ಡಿಪ್‌ಸ್ಟಿಕ್ ನೋಡಿ. ಆಯಿಲ್ ಮಟ್ಟ ಮೇಲಿನ ಗೆರೆ ದಾಟಿದ್ದು ಪೆಟ್ರೋಲ್ ವಾಸನೆ ಬರುತ್ತಿದ್ದರೆ, ಮೆಕ್ಯಾನಿಕಲ್ ಪೆಟ್ರೋಲ್ ಪಂಪಿನ ಡಯಾಫ್ರಮ್ (ಒಳಗಿನ ತೆಳು ಪೊರೆ) ಹರಿದು ಪೆಟ್ರೋಲ್ ಆಯಿಲಿಗೆ ಇಳಿಯುತ್ತಿರಬಹುದು. ತಕ್ಷಣ ಆಫ್ ಮಾಡಿ. ಪಂಪು ಸರಿಮಾಡಿಸಿ ಆಯಿಲ್ ಬದಲಿಸುವವರೆಗೆ ಮತ್ತೆ ಸ್ಟಾರ್ಟ್ ಮಾಡಬೇಡಿ.

ಮಟ್ಟ ಸರಿಯಿದ್ದರೆ ರಸ್ತೆಗೆ ಇಳಿಸಿ, ಹಿಂದೊಂದು ಗಾಡಿಯಲ್ಲಿ ಗೆಳೆಯರನ್ನು ಬರಹೇಳಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಮ್ಮೆ ಬುಸ್ ಎಂದು ಬಂದು ನಿಲ್ಲುತ್ತದಾ? ಆಗುಂಬೆಯಂಥ ಘಾಟಿಯಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿದು, ಕೆಳಗೆ ಬಂದು ಮತ್ತೆ ಒತ್ತಿದಾಗ ಹೊಗೆ ಬರುತ್ತದಾ? ಹಾಗಿದ್ದರೆ ವಾಲ್ವ್ ಸೀಲ್, ಅಂದರೆ ಮೇಲಿನ ಆಯಿಲ್ ವಾಲ್ವ್ ಪಕ್ಕದಿಂದ ಸಿಲಿಂಡರಿಗೆ ಇಳಿಯದಂತೆ ತಡೆಯುವ ರಬ್ಬರ್. ವರ್ಷಗಟ್ಟಲೆ ನಿಂತಾಗ ಆ ರಬ್ಬರ್ ಗಟ್ಟಿಯಾಗುತ್ತದೆ. ಅದನ್ನು ಬದಲಿಸಲು ಪಿಸ್ಟನ್ ಬಿಚ್ಚಬೇಕಿಲ್ಲ. ಘಾಟಿ ಹತ್ತುವಾಗ, ಲೋಡ್ ಬಿದ್ದಾಗೆಲ್ಲ ಒಂದೇ ಸಮ ಬಂದರೆ ಪಿಸ್ಟನ್ ರಿಂಗ್, ಅಂದರೆ ಪಿಸ್ಟನ್ ಸುತ್ತ ಕೂತು ಆಯಿಲ್ ಮೇಲೇರದಂತೆ ತಡೆಯುವ ಬಳೆ.

ರಿಂಗ್ ಎಂದ ಕೂಡಲೇ ಸವೆದಿದೆ ಎಂದೇನೂ ಅಲ್ಲ. ನಿಂತ ಗಾಡಿಯಲ್ಲಿ ರಿಂಗು ಹಳೇ ಮಸಿ, ಅಂಟಿನಲ್ಲಿ ಕಚ್ಚಿಕೊಂಡಿರುತ್ತದೆ. ಆಯಿಲ್, ಫಿಲ್ಟರ್ ಬದಲಿಸಿ, ಆಯಿಲ್ ಮಟ್ಟದ ಮೇಲೆ ಕಣ್ಣಿಟ್ಟು ಕೆಲವು ನೂರು ಕಿಲೋಮೀಟರ್ ಹದವಾಗಿ ಓಡಿಸಿದರೆ ಬಿಟ್ಟುಕೊಳ್ಳುವುದುಂಟು.

ಕಪ್ಪು ಹೊಗೆ

ಪೆಟ್ರೋಲ್ ಜಾಸ್ತಿ, ಗಾಳಿ ಕಡಿಮೆ. ತಣ್ಣಗಿನ ಸ್ಟಾರ್ಟಿಗೆ ಗಾಳಿ ಕಡಿಮೆ ಮಾಡುವ ಚೋಕ್‌ನ ಕೇಬಲ್ ತುಕ್ಕು ಹಿಡಿದು ವಾಪಸ್ ಹೋಗಿಲ್ಲವೇ, ಏರ್ ಫಿಲ್ಟರ್ ಕಟ್ಟಿದೆಯೇ, ಕಾರ್ಬ್ಯುರೇಟರಿನ ಫ್ಲೋಟ್ ನೀಡಲ್ (ಒಳಬರುವ ಪೆಟ್ರೋಲ್ ತಡೆಯುವ ಸೂಜಿ) ಅಂಟಿನಲ್ಲಿ ಸಿಕ್ಕಿದೆಯೇ ನೋಡಿ. ಕಾರ್ಬ್ಯುರೇಟರ್ ಬಿಚ್ಚಿ ತೊಳೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಕಂಪ್ರೆಷನ್ ಟೆಸ್ಟ್

ಓಡಿಸಿದ ಮೇಲೂ ನೀಲಿ ಹೊಗೆ ನಿಲ್ಲದಿದ್ದರೆ ಗ್ಯಾರೇಜಿನಲ್ಲಿ ಕಂಪ್ರೆಷನ್ ಟೆಸ್ಟ್ (ಸಿಲಿಂಡರ್ ಎಷ್ಟು ಒತ್ತಡ ಹಿಡಿಯುತ್ತದೆ ಎಂದು ಅಳೆಯುವುದು) ಕೇಳಿ. ಮೂರೂ ಸಿಲಿಂಡರಿನ ಅಂಕಿ ಬರೆದುಕೊಳ್ಳಿ. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಸಿ. ಅಂಕಿ ಚೆನ್ನಾಗಿ ಏರಿದರೆ ತೊಂದರೆ ಇರುವುದು ರಿಂಗ್ ಇಲ್ಲವೇ ಬೋರ್‌ನಲ್ಲಿ, ಅಂದರೆ ಸಿಲಿಂಡರಿನ ಒಳಗೋಡೆಯಲ್ಲಿ. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಬಿದ್ದಿದ್ದರೆ ಅವೆರಡರ ನಡುವೆ ಗ್ಯಾಸ್ಕೆಟ್ ಹರಿದಿರುವ ಸಾಧ್ಯತೆ ಹೆಚ್ಚು. ಅಂಕಿಗಳನ್ನು ಕೇಳದೆ ಇಂಜಿನ್ ಇಳಿಸಲು ಒಪ್ಪಬೇಡಿ.