ಒಮಾನ್ ಕೆಲಸಕ್ಕೆ ಡಿಗ್ರಿ ಅಪೊಸ್ಟಿಲ್: ವಾಪಸ್ ಬರುತ್ತಿದ್ದದ್ದು ಹೇಗೆ ಸರಿಹೋಯ್ತು

ಮಸ್ಕತ್‌ನ ಶಾಲೆಯೊಂದರಲ್ಲಿ ಇಂಗ್ಲಿಷ್ ಟೀಚರ್ ಕೆಲಸ. ವೀಸಾಕ್ಕೆ ಬಿ.ಎ., ಬಿ.ಎಡ್. ಎರಡಕ್ಕೂ ಅಪೊಸ್ಟಿಲ್ (ದಾಖಲೆ ಅಸಲಿ ಅಂತ ಬೇರೆ ದೇಶಕ್ಕಾಗಿ ವಿದೇಶಾಂಗ ಸಚಿವಾಲಯ ಕೊಡುವ ದೃಢೀಕರಣ) ಕೇಳಿದರು. ಕಲಬುರಗಿಯಿಂದ ಕಳಿಸಿದ ಸರ್ಟಿಫಿಕೇಟು ಪ್ರತಿ ಸಲ "ರಾಜ್ಯದ ದೃಢೀಕರಣ ಇಲ್ಲ" ಅಂತ ವಾಪಸ್.

ಸೂಪರ್ ಮಾರ್ಕೆಟ್ ಹತ್ತಿರ ಹಾಕಿಸಿದ ನೋಟರಿ ಸೀಲು ನಡೆಯಲಿಲ್ಲ, ಗೆಜೆಟೆಡ್ ಅಧಿಕಾರಿ ಸಹಿಯ ಝೆರಾಕ್ಸೂ ನಡೆಯಲಿಲ್ಲ. 120 ಗಂಟೆಯ ಟೆಫಲ್ ಕೋರ್ಸ್ (ಇಂಗ್ಲಿಷ್ ಮಾತೃಭಾಷೆ ಅಲ್ಲದವರಿಗೆ ಅದನ್ನು ಕಲಿಸುವ ತರಬೇತಿ) ಇದ್ದರೆ ಸಾಕು ಅಂತ ಏಜೆಂಟ್ ಹೇಳುತ್ತಿದ್ದ. ಸುಮ್ನೆ ಮಾತು, ಅದು ಡಿಗ್ರಿಗೆ ಬದಲಿ ಅಲ್ಲ.

ಕೆಲಸ ಮಾಡಿದ್ದು ಈ ಕ್ರಮ. ಮೊದಲು ಡಿಗ್ರಿ ಕೊಟ್ಟ ವಿಶ್ವವಿದ್ಯಾಲಯದಲ್ಲಿ ಪರಿಶೀಲನೆ ಮಾಡಿಸಿ. ಆಮೇಲೆ ಮೂಲ ಪ್ರತಿಯನ್ನೇ ಬೆಂಗಳೂರಿನ ಉನ್ನತ ಶಿಕ್ಷಣ ಇಲಾಖೆಗೆ ಕೊಟ್ಟು ರಾಜ್ಯದ ಸೀಲು ಹಾಕಿಸಿ, ಅದು ಬಿದ್ದ ಮೇಲಷ್ಟೇ ವಿದೇಶಾಂಗ ಸಚಿವಾಲಯ ನೇಮಿಸಿದ ಏಜೆನ್ಸಿಗೆ ಕೊಡಿ, ಯಾಕಂದ್ರೆ ಸಚಿವಾಲಯ ಜನರಿಂದ ನೇರವಾಗಿ ತಗೊಳ್ಳಲ್ಲ. ಅಪೊಸ್ಟಿಲ್‌ನ ಸರ್ಕಾರಿ ಶುಲ್ಕ ಒಂದು ದಾಖಲೆಗೆ 50 ರೂಪಾಯಿ, ಏಜೆನ್ಸಿಯದು ಬೇರೆ. ಹಿಂಬದಿಗೆ ನಂಬರ್ ಇರುವ ಚಿಕ್ಕ ಸ್ಟಿಕ್ಕರ್ ಅಂಟಿಸುತ್ತಾರೆ. ಹಾಗಾಗಿ ಲ್ಯಾಮಿನೇಶನ್ ಇರಬಾರದು. ನಮ್ಮ ಕಡೆ ಎಲ್ಲರೂ ಮಾಡಿಸಿಟ್ಟಿರ್ತಾರೆ, ಅಲ್ವಾ? ಎಳೆದು ಕೀಳಬೇಡಿ, ಶಾಯಿ ಎದ್ದು ಬರುತ್ತೆ.

ಭಾರತ, ಒಮಾನ್ ಎರಡೂ ಅಪೊಸ್ಟಿಲ್ ಒಪ್ಪುವ ದೇಶಗಳ ಹೇಗ್ ಒಪ್ಪಂದದಲ್ಲಿವೆ, ಹಾಗಾಗಿ ಅಪೊಸ್ಟಿಲ್ ಆದ ಮೇಲೆ ರಾಯಭಾರ ಕಚೇರಿ ಸೀಲು ಬೇಕಿಲ್ಲ. ಅದಕ್ಕೆ ಅಂತ ಯಾರಾದರೂ ಜಾಸ್ತಿ ದುಡ್ಡು ಕೇಳಿದರೆ ಕೊಡಬೇಡಿ.